ಒಂದು ಸಣ್ಣ ಕೆಲಸ ಬಾಕಿ

ಅಡುಗೆಮನೆಯ ಕಿಟಕಿಗೆ ಬಿಸಿಲು ಬಿದ್ದು ಮೂರು ವರ್ಷವಾಗಿತ್ತು. ಬೀಳುವುದಾದರೂ ಹೇಗೆ? ಕಿಟಕಿಗೂ ಕಾಂಪೌಂಡಿಗೂ ನಡುವಿನ ಜಾಗವನ್ನೆಲ್ಲ ಗಾಡಿ ನುಂಗಿಕೊಂಡು ನಿಂತಿತ್ತು. ಗಾಡಿ ಎಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಪುಟ್ಟ ಟ್ರೇಲರ್ ಮನೆ. ಎರಡು ಚಕ್ರ, ಒಂದು ಬಾಗಿಲು, ಮೂರು ಕಿಟಕಿ, ಒಳಗೆ ಮಡಚುವ ಹಾಸಿಗೆಗಳು, ಅಂಗೈಯಗಲದ ಒಲೆ. ವರ್ಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಊರು ಸುತ್ತೋಣ ಎಂದು ಹಳೆಯದೊಂದನ್ನು ಕೊಂಡು ತಂದಿದ್ದರು. ತಂದ ದಿನ ಗೇಟಿನಿಂದ ಒಳಗೆ ಬಂದದ್ದೇ ಅದರ ಕೊನೆಯ ಪ್ರಯಾಣವಾಯಿತು. ಅಂದಿನಿಂದ ಸೊಸೆ ಮಟಮಟ ಮಧ್ಯಾಹ್ನವೂ ದೀಪ ಹಾಕಿಕೊಂಡೇ ತರಕಾರಿ ಹೆಚ್ಚುತ್ತಿದ್ದಳು.

ಯಾಕೆ ಹೊರಡಲಿಲ್ಲ ಎಂದು ಬೀದಿಯವರು ಕೇಳಿದರೆ ಮನೆಯ ಐದೂ ಜನಕ್ಕೆ ಬಾಯಿಪಾಠವಾಗಿದ್ದ ಉತ್ತರ ಒಂದೇ: ಒಂದು ಸಣ್ಣ ಕೆಲಸ ಬಾಕಿ ಇದೆ. ಆ ಮಾತು ಮೊದಲು ಹುಟ್ಟಿದ್ದು ಮಾವನ ಬಾಯಲ್ಲಿ. ಮಾವ ನಲವತ್ತು ವರ್ಷ ಬಡಗಿ ಕೆಲಸ ಮಾಡಿ ಈಗ ಮನೆಯಲ್ಲಿ ಕೂತವರು. ಕೂತವರು ಎನ್ನುವುದು ಮಾತಿಗಷ್ಟೆ. ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇಲ್ಲದೆ ಅವರು ಊಟಕ್ಕೂ ಕೂರುತ್ತಿರಲಿಲ್ಲ. ತಾತ ಗುರುತು ಹಾಕದೆ ಬ್ರೆಡ್ಡನ್ನೂ ಕತ್ತರಿಸಲ್ಲ ಎಂದು ಮೊಮ್ಮಗಳು ಆಡಿಕೊಳ್ಳುತ್ತಿದ್ದಳು.

ಮೊದಲ ವರ್ಷ ಗಾಡಿಯ ಚಾವಣಿ ಸೋರುತ್ತದೆ ಎಂದರು. ಅದನ್ನು ಮುಚ್ಚುವಷ್ಟರಲ್ಲಿ ನೆಲದ ಹಲಗೆ ಮೆತ್ತಗಾಗಿದೆ ಎಂದರು. ನೆಲ ಹೊಸದಾದ ಮೇಲೆ, ಶೌಚದ ಡಬ್ಬಕ್ಕೆ ಬರೀ ಪರದೆ ಸಾಲದು, ಸುತ್ತ ಗೋಡೆ ಬೇಕು, ಚಿಲಕದ ಬಾಗಿಲು ಬೇಕು ಎಂದರು. ಅದಾದ ಮೇಲೆ ಅತ್ತೆಗೆ ಆ ಬಾಗಿಲ ಪಕ್ಕದಲ್ಲೇ ಬೇರೆ ಮಂಚ, ಮಂಚದ ಕೆಳಗೆ ದೊಡ್ಡ ಡ್ರಾಯರು. ಪ್ಲೈವುಡ್ಡನ್ನು ಕಣ್ಣೆತ್ತಿಯೂ ನೋಡದ ಮನುಷ್ಯ, ಎಲ್ಲವೂ ಗಟ್ಟಿ ಮರದ್ದೇ ಆಗಬೇಕು. ಬೆಳಿಗ್ಗೆ ಟೀ ಕುಡಿದು ಒಳಗೆ ಹೊಕ್ಕರೆ ಊಟಕ್ಕೆ ಕೂಗಿದಾಗಲೇ ಹೊರಗೆ ಬರುತ್ತಿದ್ದರು. ‘ಸವತಿ ಮನೆಗೆ ಹೋದ್ರು’ ಎಂದು ಅತ್ತೆ ಮೂಗು ಮುರಿಯುತ್ತಿದ್ದರು. ಬೀದಿಯಲ್ಲಿ ಗಾಡಿಗೆ ಸವತಿ ಎಂದೇ ಹೆಸರಾಯಿತು.

ಸೊಸೆಯ ಪಾಲಿಗೆ ಅದು ಸವತಿಯೂ ಅಲ್ಲ, ಗುಡಿಸಬೇಕಾದ ಇನ್ನೊಂದು ಮನೆ. ಮಾವ ಹಲಗೆ ಕೊಯ್ದರೆ ಮರದ ಪುಡಿ ಬಳಿಯುವವಳು ಅವಳು. ಮಂಚ ಅರ್ಧ ಅಡಿ ಅಗಲವಾದರೆ ಹಾಸಿಗೆಯ ಕವರು ಬಿಚ್ಚಿ ಮತ್ತೆ ಹೊಲಿಯುವವಳು ಅವಳು. ಮಗಳು ಪರೀಕ್ಷೆಗೆ ಓದಲು ಅಲ್ಲಿ ಹೋಗಿ ಕೂರುತ್ತಿದ್ದಳು, ಗಂಡ ಮಾತಿಗೆ ಮಾತು ಬೆಳೆದಾಗ ಅಲ್ಲಿ ಹೋಗಿ ಮಲಗುತ್ತಿದ್ದ. ಅವರು ಕುಡಿದಿಟ್ಟ ಲೋಟಗಳನ್ನು ತರಲು ಮಾತ್ರ ಇವಳು ಹೋಗುತ್ತಿದ್ದಳು.

ಅವಳು ದುಡಿಯುತ್ತಿದ್ದದ್ದು ಒಂದು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ಕೊಂಡವರ ಪ್ಯಾಂಟು ಗಿಡ್ಡ ಮಾಡುವುದು, ಕೋಟು ಬಿಗಿ ಮಾಡುವುದು, ಹರಿದದ್ದಕ್ಕೆ ಕಾಣದ ಹಾಗೆ ಹೊಲಿಗೆ ಹಾಕುವುದು. ಆ ಕೋಣೆಗೂ ಕಿಟಕಿ ಇರಲಿಲ್ಲ. ವ್ಯಾಪಾರ ತಣ್ಣಗಿರುವ ತಿಂಗಳಲ್ಲಿ ಒಬ್ಬೊಬ್ಬರಿಗೆ ಎಂಟು ದಿನ ರಜೆ. ಕಳೆದ ಮೂರು ವರ್ಷವೂ ಅವಳು ಗಾಡಿಯ ಹೆಸರಲ್ಲಿ ರಜೆ ತೆಗೆದುಕೊಂಡು, ಮನೆಯಲ್ಲೇ ಪಾತ್ರೆ ತಿಕ್ಕಿ, ಒಂಬತ್ತನೇ ದಿನ ಪೆಚ್ಚುಮುಖ ಹೊತ್ತು ವಾಪಸು ಹೋಗಿದ್ದಳು.

‘ಈ ಸಲ ನಿಜವಾಗ್ಲೂ ಹೋಗ್ತೀಯಾ?’ ಅಂಗಡಿಯ ಯಜಮಾನಿ ಕನ್ನಡಕದ ಮೇಲಿಂದ ನೋಡಿದರು.

‘ಹೋಗ್ತೀವಿ ಮೇಡಂ. ದಿನ ಗೊತ್ತಾಗಿದೆ.’

‘ಕೊಡ್ತೀನಿ. ಆದ್ರೆ ಈ ಸಲವೂ ಮನೇಲೇ ಕೂತ್ರೆ ಮುಂದಿನ ವರ್ಷ ಈ ಎಂಟು ದಿನ ಬೇರೆಯವರಿಗೆ. ಪಾಪ, ಊರಿಗೆ ಹೋಗೋರು ಎಷ್ಟು ಜನ ಕಾಯ್ತಿದಾರೆ.’

ಮದುವೆಯಾಗಿ ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟರಲ್ಲಿ ಅವಳು ಊರು ಬಿಟ್ಟು ಹೋದದ್ದೆಲ್ಲ ಯಾರದೋ ಮದುವೆಗೆ, ಯಾರದೋ ಆಸ್ಪತ್ರೆಗೆ, ಯಾರದೋ ಸಾವಿಗೆ. ಗಂಡ ಹೇಳುವ ಕೆರೆಯ ದಂಡೆಯೇ ಆಗಬೇಕೆಂದು ಅವಳಿಗೇನೂ ಇರಲಿಲ್ಲ. ಬೇರೊಂದು ಕಿಟಕಿಯ ಮುಂದೆ ನಿಂತು ಒಂದು ಲೋಟ ಟೀ ಕಾಯಿಸಬೇಕು, ಅಷ್ಟೇ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ.

ದಿನ ಗೊತ್ತಾದದ್ದು ಹೊರಡುವುದಕ್ಕೆ ಮೂರು ವಾರ ಮೊದಲು, ಊಟದ ಹೊತ್ತಿನಲ್ಲಿ. ಗಂಡ ಮನೆಮನೆಗೆ ಹೋಗಿ ನೀರಿನ ಮೀಟರು ನೋಡಿ ಬರೆದುಕೊಳ್ಳುವ ಕೆಲಸದವನು. ದಿನವಿಡೀ ಕಂಡವರ ಗೇಟು ತಟ್ಟಿ, ನಾಯಿಗಳಿಂದ ತಪ್ಪಿಸಿಕೊಂಡು ಬರುವುದರಿಂದ ಸಂಜೆಗೆ ಅವನ ತಾಳ್ಮೆ ತಳ ಕಂಡಿರುತ್ತಿತ್ತು.

‘ಮುಂದಿನ ತಿಂಗಳು ಮೊದಲ ಶನಿವಾರ ಹೊರಡೋದು,’ ಎಂದ. ‘ಕೆರೆ ದಂಡೇಲಿ ಗಾಡಿ ನಿಲ್ಲಿಸೋ ಮೈದಾನಕ್ಕೆ ಫೋನ್ ಮಾಡಿ ಜಾಗ ಹಿಡಿದಿದೀನಿ. ಅಪ್ಪ, ಇನ್ನು ಏನಾದ್ರೂ ಬಾಕಿ ಇದ್ರೆ ಈಗಲೇ ಹೇಳಿಬಿಡಿ.’

ಮಾವ ಬೇಳೆಯಲ್ಲಿ ಅನ್ನ ಕಲಸುತ್ತಿದ್ದರು. ‘ಚಕ್ರದ ಬೇರಿಂಗಿಗೆ ಗ್ರೀಸ್ ಹಾಕ್ಬೇಕು.’

‘ಎಷ್ಟು ದಿನ?’

‘ಒಂದು ಮಧ್ಯಾಹ್ನದ ಕೆಲಸ.’

‘ತಾತನ ಒಂದು ಮಧ್ಯಾಹ್ನ ಅಂದ್ರೆ ನಮಗೆ ಒಂದು ವರ್ಷ,’ ಎಂದಳು ಮಗಳು. ಹದಿನೇಳರ ಈ ಹುಡುಗಿಯ ನಾಲಿಗೆಗೆ ಹೆದರಿ ಮನೆಯವರು ಅವಳನ್ನು ಚಿನಕುರಳಿ ಎಂದೇ ಕರೆಯುತ್ತಿದ್ದರು.

‘ನಿನ್ನಜ್ಜಿ ಬಾಯಿ ನಿಂಗೆ ಬಂದಿದೆ,’ ಎಂದರು ಮಾವ.

‘ನನ್ನನ್ಯಾಕೆ ಎಳೀತೀರಿ?’ ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಗಾಡಿ ತಂದ ವರ್ಷ ಬೀದಿಗೆಲ್ಲ ಹೇಳಿಕೊಂಡು ತಿರುಗಿದವರು ಅವರೇ. ಲಾಡ್ಜುಗಳ ಮೆಟ್ಟಿಲು ತನ್ನ ಮಂಡಿಗೆ ಆಗುವುದಿಲ್ಲ, ಮನೆಯನ್ನೇ ಜೊತೆಗೆ ಒಯ್ದರೆ ಹೇಗೆ ಎಂದು ಮಗನ ತಲೆಗೆ ಹುಳ ಬಿಟ್ಟವರೂ ಅವರೇ. ಈಚೆಗೆ ಮಾತ್ರ ಗಾಡಿಯ ಸುದ್ದಿ ಬಂದರೆ ಅವರ ಬಾಯಿಗೆ ಬೀಗ ಬೀಳುತ್ತಿತ್ತು.

ಅತ್ತೆಗೆ ಇನ್ನೊಂದು ಹಟವೂ ಇತ್ತು. ತನ್ನ ಹಾಸಿಗೆಯ ಬಟ್ಟೆ ತಾನೇ ಒಗೆಯಬೇಕು. ಮಷೀನಿಗೆ ಹಾಕಲು ಬಿಡುವುದಿಲ್ಲ, ಸೊಸೆ ಮುಟ್ಟಲೂ ಬಿಡುವುದಿಲ್ಲ. ಸೊಸೆ ಏಳುವ ಹೊತ್ತಿಗೆ ಹಿತ್ತಲ ತಂತಿಯ ಮೇಲೆ ಅವರ ಹೊದಿಕೆ ನೀರು ತೊಟ್ಟಿಕ್ಕುತ್ತಿರುತ್ತಿತ್ತು. ‘ನಾನು ಒಗೆದ್ರೆ ಕೊಳೆ ಹೋಗಲ್ವಾ?’ ಎಂದು ಒಮ್ಮೆ ಕೇಳಿಯೂ ಬಿಟ್ಟಿದ್ದಳು. ಅತ್ತೆ ಬಕೆಟ್ಟು ಎತ್ತಿಕೊಂಡು ಬೆನ್ನು ತಿರುಗಿಸಿ ಒಳಗೆ ಹೋಗಿದ್ದರು. ಆ ಅವಮಾನವನ್ನು ಸೊಸೆ ಎರಡು ವರ್ಷದಿಂದ ಸೆರಗಿಗೆ ಗಂಟು ಹಾಕಿಕೊಂಡಿದ್ದಳು.

ಮೊದಲ ವಾರ ಬೇರಿಂಗಿಗೆ ಗ್ರೀಸ್ ಬಿತ್ತು. ಮಾವನನ್ನು ನೆಚ್ಚಿಕೊಳ್ಳದೆ ಗಂಡನೇ ನೆಲದಲ್ಲಿ ಮಲಗಿ ಹಾಕಿದ. ನಿಂತೇ ಇದ್ದು ಟೈರುಗಳ ತಳ ಚಪ್ಪಟೆಯಾಗಿತ್ತು, ಪಕ್ಕದಲ್ಲಿ ಸಣ್ಣ ಬಿರುಕು. ನಿಧಾನಕ್ಕೆ ಓಡಿಸಿದರೆ ದಾರಿಯಲ್ಲಿ ಸರಿಹೋಗುತ್ತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎರಡನೇ ವಾರ ಹಿಂದಿನ ಕೆಂಪು ದೀಪ ಉರಿಯಲಿಲ್ಲ. ಮಾವ ಒಂದು ಸಣ್ಣ ಕೆಲಸ ಎಂದು ಬಾಯಿ ತೆರೆಯುವಷ್ಟರಲ್ಲಿ ಚಿನಕುರಳಿ ಓಡಿಹೋಗಿ ಬಲ್ಬು ತಂದು ಹಾಕಿದಳು. ಸೊಸೆ ಅಂಗಡಿಯಿಂದ ಬಂದ ಮೇಲೆ ಮೂರು ಕಿಟಕಿಗೂ ಹಳದಿ ಪರದೆ ಹೊಲಿದಳು. ಒಂದು ಸಂಜೆ ಪರದೆ ಹಾಕುತ್ತ ತನ್ನಷ್ಟಕ್ಕೆ ಹಾಡಿಕೊಂಡದ್ದು ಮಗಳ ಕಿವಿಗೆ ಬಿತ್ತು.

‘ಅಮ್ಮ, ನೀನು ಹಾಡ್ತೀಯಾ?’

‘ಹೋಗೇ, ಕೆಲಸ ನೋಡು,’ ಎಂದಳು. ಆದರೆ ಅವಳಿಗೆ ಖುಷಿಯಾಗಿತ್ತು.

ಮೂರನೇ ವಾರ, ಮಂಗಳವಾರ ಮಳೆ ಬಂತು. ಬುಧವಾರ ಬೆಳಿಗ್ಗೆ ಮಾವ ಗಾಡಿಯಿಂದ ಇಳಿದು ಬಂದು ಯಾರ ಮುಖವನ್ನೂ ನೋಡದೆ ಹೇಳಿದರು:

‘ದೊಡ್ಡ ಕಿಟಕಿ ಸೋರಿದೆ. ಹಾಸಿಗೆ ಒದ್ದೆ. ಗಾಜಿನ ಸುತ್ತ ರಬ್ಬರ್ ಪಟ್ಟಿ ಹರಿದುಹೋಗಿದೆ, ಆ ಅಳತೆದು ಹುಡುಕ್ಬೇಕು. ಒಂದು ಸಣ್ಣ...’

‘ಹೇಳ್ಬೇಡಿ,’ ಎಂದ ಗಂಡ. ಕೈಯಲ್ಲಿದ್ದ ಟೀ ಲೋಟವನ್ನು ಕುಕ್ಕಿ ಇಟ್ಟ. ‘ಆ ಮಾತು ಒಂದು ಹೇಳ್ಬೇಡಿ ಅಪ್ಪ. ಹೋದ ತಿಂಗಳು ನಾನೇ ಪೈಪು ಹಿಡಿದು ನೀರು ಬಿಟ್ಟು ನೋಡಿದೀನಿ, ಒಂದು ಹನಿ ಒಳಗೆ ಬರಲಿಲ್ಲ.’

‘ಆಗ ಬರಲಿಲ್ಲ, ಈಗ ಬಂದಿದೆ. ನಾನೇನು ಮಳೆ ತರಿಸಿದ್ನಾ?’

‘ಸೋರಿದ್ರೆ ಸೋರ್ಲಿ. ಪ್ಲಾಸ್ಟಿಕ್ ಕಟ್ಕೊಂಡು ಹೋಗೋದೇ.’

‘ನಿಮ್ಮಮ್ಮನ್ನ ಒದ್ದೆ ಹಾಸಿಗೆ ಮೇಲೆ ಮಲಗಿಸ್ತೀಯಾ?’

ಅತ್ತೆ ಎದ್ದು ತಮ್ಮ ಕೋಣೆಗೆ ಹೋದರು. ಗಂಡ ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿಯನ್ನು ಅರೆಬರೆ ಮೆಟ್ಟಿ ಹೊರಟುಹೋದ.

ಹಾಸಿಗೆ ಒಣಗಿಸುವ ಕೆಲಸ ಯಾರದು ಎಂದು ಬೇರೆ ಹೇಳಬೇಕಾಗಿಲ್ಲ. ಸೊಸೆ ಗಾಡಿಯೊಳಗೆ ಹೋಗಿ ಹಾಸಿಗೆಯ ಕವರು ಬಿಚ್ಚಿದಳು. ಬಿಚ್ಚುತ್ತ ಕಿಟಕಿಯ ರಬ್ಬರ್ ಪಟ್ಟಿಯ ಮೇಲೆ ಬೆರಳಾಡಿಸಿದಳು. ಬೆರಳು ಅಲ್ಲೇ ನಿಂತಿತು.

ಹರಿದದ್ದು ಯಾವುದು, ಕತ್ತರಿಸಿದ್ದು ಯಾವುದು ಎಂದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಕೋಟಿನ ತೋಳು ಮೊಳೆಗೆ ಸಿಕ್ಕಿ ಹರಿಯಿತು ಎಂದು ಸುಳ್ಳು ಹೇಳಿ ವಾಪಸು ಕೊಡಲು ಬರುವ ಗಿರಾಕಿಗಳನ್ನು ಅವಳು ಎಷ್ಟು ಕಂಡಿಲ್ಲ! ಹರಿದರೆ ಅಂಚು ಹಿಗ್ಗಿ ಸೊಟ್ಟಗಾಗುತ್ತದೆ. ಈ ಅಂಚು ನುಣ್ಣಗಿತ್ತು. ಕಿಟಕಿಯ ಕೆಳಗಿನ ಸಾಲಿನಲ್ಲಿ ಇಂಥವು ನಾಲ್ಕು ಇದ್ದವು. ಕೊರಳಲ್ಲಿದ್ದ ಟೇಪು ತೆಗೆದು ಅಳೆದಳು. ಒಂದರಿಂದ ಒಂದಕ್ಕೆ ಸರಿಯಾಗಿ ಒಂಬತ್ತು ಇಂಚು. ಬಗ್ಗಿ ನೋಡಿದರೆ ಪ್ರತಿ ಸೀಳಿನ ಪಕ್ಕದಲ್ಲಿ, ಬಿಳಿ ಚೌಕಟ್ಟಿನ ಮೇಲೆ, ಸಣ್ಣದೊಂದು ಪೆನ್ಸಿಲ್ ಗೆರೆ.

ಅವಳು ಇಳಿದು ಬಂದಾಗ ಮಾವ ಗಾಡಿಯ ನೆರಳಲ್ಲಿ ಉಳಿ ಮಸೆಯುತ್ತಿದ್ದರು.

‘ಮಾವ, ಅದು ಹರಿದಿದ್ದಲ್ಲ.’

‘ಹಳೇ ರಬ್ಬರು. ಬಿಸಿಲಿಗೆ...’

‘ಪೆನ್ಸಿಲ್ ಗುರುತಿದೆ ಮಾವ.’

ಮಸೆಯುವ ಕೈ ನಿಂತಿತು. ಮಾವ ಕಿವಿಯ ಹತ್ತಿರ ಕೈ ಒಯ್ದು ಪೆನ್ಸಿಲನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಗಾಡಿಯ ಮೆಟ್ಟಿಲ ಮೇಲೆ ಮೆಲ್ಲಗೆ ಕೂತರು.

‘ಮೂರು ವರ್ಷದಿಂದ ಇದೇನಾ?’ ಸೊಸೆಯ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ‘ನಾನು ಮೂರು ಸಲ ಅಂಗಡೀಲಿ ಮುಖ ಕೆಡಿಸ್ಕೊಂಡೆ. ಕವರು ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ನೀವು ಒಳಗೆ ಕೂತು ಇದನ್ನ ಮಾಡ್ತಿದ್ರಾ?’

‘ಮೊದಲು ಮಾಡಿದ್ದೆಲ್ಲ ನಿಜವಾದ ಕೆಲಸಾನೇ ಕಣಮ್ಮ,’ ಎಂದರು ಮಾವ. ‘ಗೋಡೆ, ಬಾಗಿಲು, ಮಂಚ ಎಲ್ಲ. ಹೋಗೋಕೆ ಆಗುತ್ತೇನೋ ಅಂತಲೇ ಮಾಡಿದೆ. ಯಾವುದೂ ಸಾಕಾಗಲಿಲ್ಲ.’

‘ಯಾತಕ್ಕೆ ಸಾಕಾಗಲಿಲ್ಲ?’

ಮಾವ ಹಿತ್ತಲ ಕಡೆ ನೋಡಿದರು. ‘ನಿಮ್ಮತ್ತೆಗೆ ನಿದ್ದೇಲಿ ತಡೆಯೋಕೆ ಆಗಲ್ಲ. ಹಾಸಿಗೆ ಒದ್ದೆ ಆಗುತ್ತೆ. ಡಾಕ್ಟರಿಗೂ ತೋರಿಸಿದ್ವಿ, ವಯಸ್ಸು ಅಂದ್ರು. ಮನೇಲಾದ್ರೆ ಅವಳದೇ ಕೋಣೆ ಇದೆ, ಎದ್ದು ಒಗೆದು ಹಾಕ್ತಾಳೆ. ಇಷ್ಟಗಲದ ಗಾಡೀಲಿ ಮಗ, ಮೊಮ್ಮಗಳ ಎದುರಿಗೆ... ಸತ್ರೂ ಹೇಳ್ಬೇಡಿ ಅಂದಿದಾಳೆ.’

ತಂತಿಯ ಮೇಲಿನ ಹೊದಿಕೆ ಸೊಸೆಯ ಕಣ್ಣಿಗೆ ಬಿತ್ತು. ಎರಡು ವರ್ಷದ ಸಿಟ್ಟು ಒಂದು ಕ್ಷಣದಲ್ಲಿ ನಾಚಿಕೆಯಾಯಿತು. ಆದರೆ ಇನ್ನೊಂದು ಸಿಟ್ಟು ಹಾಗೆಯೇ ಉಳಿದಿತ್ತು.

‘ನಿಮ್ಮ ಮಗನಿಗೆ ಒಂದು ಮಾತು ಹೇಳಬಹುದಿತ್ತಲ್ಲ.’

‘ಹೇಳಿದ್ರೆ ಅವನು ಏನಂತಾನೆ, ನೀನೇ ಹೇಳು.’

ಅವಳು ಯೋಚಿಸಬೇಕಾಗಿಯೇ ಇರಲಿಲ್ಲ. ಗಂಡನ ದನಿ ಕಿವಿಯಲ್ಲಿ ಇದ್ದ ಹಾಗೆಯೇ ಕೇಳಿಸಿತು: ಅಷ್ಟೇ ತಾನೆ, ಅಮ್ಮ ಮನೇಲಿರ್ಲಿ, ನೀನು ಜೊತೆಗಿರು, ನಾವು ಮೂರು ಜನ ಹೋಗಿಬರ್ತೀವಿ. ಅವನು ಕೆಟ್ಟವನಲ್ಲ. ಅದು ಅವನಿಗೆ ಸಹಜವಾಗಿಯೇ ಹೊಳೆಯುತ್ತದೆ. ಎರಡು ತಿಂಗಳ ಹಿಂದೆ ಅತ್ತೆ ಬಚ್ಚಲಲ್ಲಿ ಕೂತು ಏಳಲಾಗದೆ ಮುಕ್ಕಾಲು ಗಂಟೆ ಕೂಗಿದ್ದರು. ಅವರನ್ನು ಒಬ್ಬರನ್ನೇ ಬಿಡುವ ಹಾಗಿರಲಿಲ್ಲ.

‘ನಿಜ ಹೇಳಿದ್ರೆ ನೀನೊಬ್ಬಳೇ ಇಲ್ಲಿ ಉಳೀತೀಯ,’ ಎಂದರು ಮಾವ. ‘ಸುಳ್ಳಾಡಿದ್ರೆ ಎಲ್ಲರೂ ಉಳೀತೀವಿ. ನನಗೆ ತೋಚಿದ್ದು ಇಷ್ಟೇ.’

‘ಅಂತೂ ಹೇಗೇ ನೋಡಿದ್ರೂ ನಾನು ಇಲ್ಲೇ,’ ಎಂದಳು ಸೊಸೆ. ಅವಳು ಒದ್ದೆ ಹಾಸಿಗೆ ಎತ್ತಿಕೊಂಡು ಬಿಸಿಲು ಇದ್ದ ಕಡೆಗೆ ಹೋದಳು.

ಗುರುವಾರ ಅವಳು ಅತ್ತೆಗಿಂತ ಮೊದಲೇ ಹಿತ್ತಲಿಗೆ ಬಂದು ನಿಂತಿದ್ದಳು. ಅತ್ತೆ ಬಕೆಟ್ಟು ಹಿಡಿದುಕೊಂಡು ಬಂದವರು ಬಾಗಿಲಲ್ಲೇ ತಡೆದು ನಿಂತರು. ಸೊಸೆ ಬಕೆಟ್ಟಿನಲ್ಲಿ ನೆನೆದ ಹೊದಿಕೆಯ ಒಂದು ತುದಿ ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಇನ್ನೊಂದು ತುದಿ ಹಿಡಿದರು. ಇಬ್ಬರೂ ಎದುರುಬದುರು ತಿರುಚಿ ಹಿಂಡಿದರು.

‘ಇವರು ಹೇಳಿಬಿಟ್ರಾ?’

‘ಪೆನ್ಸಿಲ್ ಹೇಳ್ತು ಅತ್ತೆ.’

ಅತ್ತೆ ನಗಲು ಹೋದರು, ಆಗಲಿಲ್ಲ. ‘ನಿನ್ನ ಎಂಟು ದಿನ ನಾನು ತಿಂದೆ. ನಾಳೆ ಊಟದ ಹೊತ್ತಲ್ಲಿ ನಾನೇ ಎಲ್ಲರ ಮುಂದೆ ಹೇಳಿಬಿಡ್ತೀನಿ. ನೀವೆಲ್ಲ ಹೋಗಿಬನ್ನಿ. ನಾನೊಬ್ಬಳೇ ಇರ್ತೀನಿ.’

‘ಒಬ್ಬರೇ ಇರೋಕೆ ಆಗುತ್ತಾ?’

‘ಆಗದೇ ಏನು.’

ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೊದಿಕೆಯನ್ನು ಕೊಡವಿ ತಂತಿಗೆ ಹಾಕಿದರು. ಸೊಸೆ ಅದರ ಸುಕ್ಕು ಬಿಡಿಸುತ್ತ, ಒಂದರ ಮೇಲೊಂದು ನಾಲ್ಕು ಪದರ ದಪ್ಪ ಹತ್ತಿಬಟ್ಟೆ, ನಡುವೆ ಒಂದು ರಬ್ಬರ್ ಶೀಟು, ಸುತ್ತ ಲಾಡಿ ಎಂದು ಲೆಕ್ಕ ಹಾಕುತ್ತಿದ್ದಳು. ಒಂದು ಸಾಲದು, ಮೈಗೆ ಕಟ್ಟಿಕೊಳ್ಳುವಂಥವು ಹತ್ತಾದರೂ ಬೇಕು. ಹೊಲಿದು, ತೊಡಿಸಿ ನೋಡಿ, ಸರಿಪಡಿಸಬೇಕು. ಶನಿವಾರಕ್ಕೆ ಎರಡೇ ದಿನ.

ಶುಕ್ರವಾರ ಊಟಕ್ಕೆ ಆಲೂಗಡ್ಡೆ ಪಲ್ಯ. ಗಂಡ ಎಂದಿಗಿಂತ ಹಗುರವಾಗಿದ್ದ. ರಬ್ಬರ್ ಪಟ್ಟಿ ತಾನೇ ಹುಡುಕಿ ತಂದು ಹಾಕಿದ್ದ, ಪೈಪು ಹಿಡಿದು ನೋಡಿದ್ದ.

‘ಬೆಳಿಗ್ಗೆ ಆರಕ್ಕೆ ಕೊಂಡಿ ಹಾಕೋದು. ಅಪ್ಪ, ಇನ್ನೇನೂ ಇಲ್ಲ ತಾನೆ?’

ಎಲ್ಲರೂ ಮಾವನನ್ನು ನೋಡಿದರು. ಮಾವ ಸೊಸೆಯನ್ನು ನೋಡಿ ತಲೆ ತಗ್ಗಿಸಿದರು. ಅತ್ತೆ ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಕೈ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತರು.

‘ನಾನೊಂದು ಮಾತು ಹೇಳ್ಬೇಕು ಕಣೋ,’ ಎಂದರು. ‘ಏನಂದ್ರೆ... ನನಗೆ ಈ...’

ಕೊರಳಿನವರೆಗೆ ಕೆಂಪಾದ ಆ ಮುಖವನ್ನು ಸೊಸೆ ನೋಡಿದಳು.

‘ಒಂದು ಸಣ್ಣ ಕೆಲಸ ಬಾಕಿ ಇದೆ,’ ಎಂದಳು.

ಗಂಡನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ‘ಯಾರಿಗೆ? ನಿನಗಾ?’

‘ಹೊಲಿಗೆ ಕೆಲಸ. ನಂದೇ. ಇನ್ನೂ ಶುರು ಮಾಡಿಲ್ಲ.’

‘ತಮಾಷೆ ಮಾಡ್ತಿದೀಯಾ? ಮೂರು ವಾರದಿಂದ ದಿಂಬು, ಪರದೆ ಅಂತ ಕುಣೀತಿದ್ದೋಳು ನೀನೇ. ಪರದೆ ಇಲ್ದಿದ್ರೆ ಪ್ರಾಣ ಹೋಗುತ್ತಾ?’

‘ಪರದೆ ಅಲ್ಲ.’

‘ಮತ್ತೇನು?’

‘ಹೊಲಿದ ಮೇಲೆ ನೋಡುವಿರಂತೆ.’

‘ಅಮ್ಮ, ನೀನೂನಾ?’ ಎಂದಳು ಚಿನಕುರಳಿ. ಅವಳ ದನಿಯಲ್ಲಿ ಎಂದಿನ ಪಟಾಕಿ ಇರಲಿಲ್ಲ. ‘ನೀನು ಹೋಗ್ಬೇಕು ಅಂತಲೇ ನಾನು ಬಲ್ಬು ತಂದಿದ್ದು.’

ಇದೊಂದು ಮಾತು ಸೊಸೆಯನ್ನು ನೇರವಾಗಿ ಇರಿಯಿತು. ಅವಳು ಮಗಳ ತಟ್ಟೆಗೆ ಇನ್ನಷ್ಟು ಪಲ್ಯ ಬಡಿಸಿದಳು. ಗಂಡ ಅರ್ಧ ಊಟಕ್ಕೆ ಎದ್ದು ಕೈ ತೊಳೆದ. ಅತ್ತೆ ಅಲ್ಲಾಡದೆ ಕೂತಿದ್ದರು. ಮೇಜಿನ ಕೆಳಗೆ ಅವರ ಕೈ ಬಂದು ಸೊಸೆಯ ಮಂಡಿಯನ್ನು ಬಿಗಿಯಾಗಿ ಹಿಡಿಯಿತು, ಬಹಳ ಹೊತ್ತು ಬಿಡಲಿಲ್ಲ.

‘ನಾಳೆ ಹೇಗೂ ಎಲ್ಲರೂ ಮನೇಲಿರ್ತೀರಿ,’ ಎಂದಳು ಸೊಸೆ ಗಂಡನ ಬೆನ್ನಿಗೆ. ‘ಗಾಡೀನ ನನ್ನ ಕಿಟಕಿ ಬಿಟ್ಟು ಆರಡಿ ಮುಂದಕ್ಕೆ ತಳ್ಳಿಕೊಡಿ. ಹೊಲಿಯೋಕೆ ಬೆಳಕು ಬೇಕು.’

ಅಂಗಡಿಗೆ ಫೋನ್ ಮಾಡಿ ರಜೆ ಬೇಡ, ಸೋಮವಾರ ಬರುತ್ತೇನೆ ಎಂದು ಹೇಳಿದಳು. ಯಜಮಾನಿ ‘ಮುಂದಿನ ವರ್ಷ ಕೇಳಬೇಡಮ್ಮ’ ಎಂದಷ್ಟೇ ಹೇಳಿ ಇಟ್ಟರು.

ಶನಿವಾರ ಬೆಳಿಗ್ಗೆ, ಕೊಂಡಿ ಹಾಕಬೇಕಾಗಿದ್ದ ಹೊತ್ತಿಗೆ, ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಇಟ್ಟಿಗೆ ತೆಗೆದು ನಾಲ್ಕು ಜನ ಗಾಡಿಗೆ ಹೆಗಲು ಕೊಟ್ಟರು. ಗಂಡ ಮುಖ ಊದಿಸಿಕೊಂಡೇ ಬಂದ, ಆದರೆ ಬಂದ. ಅತ್ತೆ ಮನೆಯ ಮೆಟ್ಟಿಲ ಮೇಲೆ ನಿಂತು ಹೂಂ, ಹೂಂ ಎಂದು ತಾಳ ಹಾಕಿದರು. ಗಾಡಿ ಜಪ್ಪಯ್ಯ ಎನ್ನಲಿಲ್ಲ. ಗಟ್ಟಿ ಮರದ ಮಂಚ, ಗಟ್ಟಿ ಮರದ ಗೋಡೆ, ತಳ ಚಪ್ಪಟೆಯಾದ ಟೈರು. ಇನ್ನೊಮ್ಮೆ ತಳ್ಳಿದಾಗ ನರಳಿ ಒಂದು ಗೇಣು ಸರಿಯಿತು. ಅಷ್ಟಕ್ಕೆ ಮುಂದಿನ ಕೊಂಡಿಯ ಕೆಳಗೆ ಆಸರೆಗಿದ್ದ ಸಣ್ಣ ಚಕ್ರ ಮಳೆಗೆ ನೆನೆದ ಮಣ್ಣಿನಲ್ಲಿ ಹೂತುಕೊಂಡಿತು.

‘ಇನ್ನು ಆಗಲ್ಲ,’ ಎಂದ ಗಂಡ, ಏದುಸಿರು ಬಿಡುತ್ತ. ‘ಮೊದಲು ಟೈರು ಬದಲಾಯಿಸ್ಬೇಕು. ಕೆರೆ ದಂಡೆಯ ಮಾತು ಹಾಗಿರಲಿ, ಇದು ಗೇಟನ್ನೂ ದಾಟ್ತಿರಲಿಲ್ಲ.’ ಅವನು ಗಾಡಿಯನ್ನೇ ನೋಡುತ್ತ ನಿಂತ.

ಸೊಸೆ ಕೈ ಒರೆಸಿಕೊಂಡು ಅಡುಗೆಮನೆಗೆ ಹೋದಳು. ಕಿಟಕಿಯ ಒಂದು ಮೂಲೆಯಿಂದ ಬಿಸಿಲು ಒಳಗೆ ಬಂದು ಒಲೆಯ ಪಕ್ಕದ ಕಟ್ಟೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಅವಳು ಟೇಪು ಇಟ್ಟು ನೋಡಿದಳು. ನಾಲ್ಕು ಇಂಚು. ಕಟ್ಟೆ ಒರೆಸಿ, ದಪ್ಪ ಹತ್ತಿಬಟ್ಟೆಯನ್ನು ಆ ಬಿಸಿಲಿನ ಕೆಳಗೆ ಹರಡಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಅಂಗಡಿಯಲ್ಲೇ ಉಳಿದಿತ್ತು.

ಹಿತ್ತಲ ಬಾಗಿಲಲ್ಲಿ ಮಾವ ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು. ಅವಳು ತಿರುಗಿ ನೋಡದೆ ಕೈ ಚಾಚಿದಳು.

‘ಮಾವ, ನಿಮ್ಮ ಪೆನ್ಸಿಲ್ ಕೊಡಿ.’